ಬೇರೆಯವರ ಕೋಡ್‌ಗೆ ನಮ್ಮ ತಿದ್ದುಪಡಿ: ಮೂರು ರೀತಿ ಇಟ್ಟು ನೋಡಿದೆ

ನಮ್ಮ ಪ್ರಾಜೆಕ್ಟ್ ಒಂದು ಸಿ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ಅದರೊಳಗೆ ನಾಲ್ಕು ಕಡೆ ನಾವೇ ತಿದ್ದಿದ್ದೇವೆ. ಆ ನಾಲ್ಕು ತಿದ್ದುಪಡಿಗಳನ್ನು ಉಳಿಸಿಕೊಳ್ಳಲು ಮೂರು ದಾರಿ ಹಿಡಿದು ನೋಡಿದೆ. ಮೊದಲ ದಿನ ಮೂರೂ ಚೆನ್ನಾಗೇ ಇರುತ್ತವೆ. ಮೂಲದವರು ಹೊಸ ವರ್ಷನ್ ಬಿಟ್ಟಾಗ ಬಣ್ಣ ಗೊತ್ತಾಗುತ್ತದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಕೋಡನ್ನು ನಮ್ಮ ಗಿಟ್ ರೆಪೊಗೆ (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸ ಇಡುವ ಜಾಗ) ಕಾಪಿ ಮಾಡಿ, ಅಲ್ಲೇ ತಿದ್ದುವುದು. ರೆಪೊ ಕ್ಲೋನ್ ಮಾಡಿದರೆ (ಅದರ ಪ್ರತಿ ಇಳಿಸಿಕೊಂಡರೆ) ಸಾಕು, ಬಿಲ್ಡ್ ಆಗುತ್ತದೆ. ಆದರೆ ಹೊಸ ವರ್ಷನ್ ತಂದು ಮೇಲೆ ಹಾಕಿದಾಗ ಒಂದು ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಯಿತು. ಹಳೆಯ ಕ್ರ್ಯಾಶ್ ಮತ್ತೆ ಬಂದಾಗಲೇ ತಿಳಿದದ್ದು. ಏನೇನು ಬದಲಾಯಿಸಿದ್ದೆವು ಎಂದು ಮೂಲದ ಜೊತೆ ಡಿಫ್ (ವ್ಯತ್ಯಾಸದ ಪಟ್ಟಿ) ತೆಗೆದರೆ ಸಾವಿರಾರು ಸಾಲು! ಸಾಲು, ಅಂತರಗಳನ್ನು ಒಂದೇ ಶೈಲಿಗೆ ತರುವ ನಮ್ಮ ಕೋಡ್ ಫಾರ್ಮ್ಯಾಟರ್ ಆ ಫೋಲ್ಡರ್ ಮೇಲೂ ಓಡಿತ್ತು. ಇದೇ ದಾರಿ ಬೇಕೆಂದರೆ ಮೂಲವನ್ನು ಮುಟ್ಟದೆ ಒಂದು ಕಮಿಟ್ (ಇತಿಹಾಸದಲ್ಲಿ ದಾಖಲಾಗುವ ಒಂದು ಹಂತ) ಮಾಡಿ, ತಿದ್ದುಪಡಿಗಳನ್ನು ಬೇರೆ ಕಮಿಟ್‌ಗಳಲ್ಲಿ ಇಡಿ. ಫಾರ್ಮ್ಯಾಟರ್ ಅತ್ತ ಸುಳಿಯದಂತೆ ನೋಡಿಕೊಳ್ಳಿ.

ಆಮೇಲೆ ಲೈಬ್ರರಿಯನ್ನು ಫೋರ್ಕ್ ಮಾಡಿ (ಅದರ ರೆಪೊದ ನಮ್ಮದೇ ಪ್ರತಿ ಮಾಡಿಕೊಂಡು), ಸಬ್‌ಮಾಡ್ಯೂಲ್ ಆಗಿ, ಅಂದರೆ ನಮ್ಮ ರೆಪೊದೊಳಗಿನ ಇನ್ನೊಂದು ರೆಪೊ ಆಗಿ, ಸೇರಿಸಿದೆ. ಇತಿಹಾಸ ಅಚ್ಚುಕಟ್ಟಾಯಿತು. ಒಂದೊಂದು ತಿದ್ದುಪಡಿಗೂ ಒಂದು ಕಮಿಟ್, ಹೊಸ ಟ್ಯಾಗ್ (ವರ್ಷನ್‌ನ ಗುರುತು) ಬಂದರೆ ಅದರ ಮೇಲೆ ರೀಬೇಸ್, ಅಂದರೆ ನಮ್ಮ ಕಮಿಟ್‌ಗಳನ್ನು ಅದರ ಮೇಲೆ ಮತ್ತೆ ಜೋಡಿಸುವುದು. ರೀಬೇಸ್‌ಗೆ ಮುಂಚೆ, ಆಮೇಲೆ ಏನು ಬದಲಾಯಿತೆಂದು ‘ಗಿಟ್ ರೇಂಜ್-ಡಿಫ್’ ತೋರಿಸುತ್ತದೆ. ತೊಂದರೆ ಬೇರೆ ಕಡೆ ಇದೆ. ಮುಖ್ಯ ರೆಪೊದಲ್ಲಿ ಉಳಿಯುವುದು ಕಮಿಟ್‌ನ ಗುರುತು ಮಾತ್ರ. ಅದೇ ಬ್ರಾಂಚನ್ನು (ಕಮಿಟ್‌ಗಳ ಸಾಲನ್ನು) ರೀಬೇಸ್ ಮಾಡಿ ಫೋರ್ಸ್ ಪುಶ್ ಮಾಡಿದರೆ, ಅಂದರೆ ಸರ್ವರ್‌ನಲ್ಲಿದ್ದ ಹಳೆಯ ಸಾಲಿನ ಜಾಗದಲ್ಲಿ ಹೊಸದನ್ನು ಕೂರಿಸಿದರೆ, ಹಳೆಯ ರಿಲೀಸ್‌ಗೆ ಬೇಕಾದ ಕಮಿಟ್ ಮುಂದೆ ಸಿಗದೇ ಹೋಗಬಹುದು. ಪ್ರತಿ ವರ್ಷನ್‌ಗೂ ಹೊಸ ಬ್ರಾಂಚ್ ಅಥವಾ ಟ್ಯಾಗ್ ಇಡಲೇಬೇಕು. ಫೋರ್ಕ್ ಪುಶ್ ಮಾಡಲು ಮರೆತರಂತೂ ಉಳಿದವರೆಲ್ಲರ ಬಿಲ್ಡ್ ನಿಲ್ಲುತ್ತದೆ.

ಈಗ ನಿಂತಿರುವುದು ಮೂರನೆಯದರಲ್ಲಿ. ಮೂಲದ ಕೋಡ್ ಇದ್ದಂತೆಯೇ ಇರುತ್ತದೆ, ಪಕ್ಕದಲ್ಲಿ ಪ್ಯಾಚ್ ಫೈಲ್‌ಗಳ (ಯಾವ ಸಾಲು ಹೇಗೆ ಬದಲಾಗಬೇಕು ಎಂದು ಬರೆದಿಟ್ಟ ಫೈಲ್‌ಗಳ) ಫೋಲ್ಡರ್, ಬಿಲ್ಡ್ ಆಗುವಾಗ ಅವು ಸಾಲಾಗಿ ಹತ್ತುತ್ತವೆ. ಲಿನಕ್ಸ್ ಆವೃತ್ತಿಯಾದ ಡೆಬಿಯನ್‌ನವರು ಪ್ಯಾಕೇಜ್‌ಗಳಲ್ಲಿ ಪ್ಯಾಚ್‌ಗಳನ್ನು ಹೀಗೇ ಇಡುತ್ತಾರೆ. ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಬಳಸುವವರಿಗೆ ಇದೇ ಕೆಲಸಕ್ಕೆ ಪ್ಯಾಚ್-ಪ್ಯಾಕೇಜ್ ಎಂಬ ಟೂಲ್ ಇದೆ. ಹೊಸ ವರ್ಷನ್‌ಗೆ ಪ್ಯಾಚ್ ಹೊಂದದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಇದೇ: ತಪ್ಪಿದ್ದು ಕಣ್ಣಿಗೆ ಬೀಳಬೇಕು, ಅಲ್ವಾ?

ಒಂದು ಎಚ್ಚರಿಕೆ. ‘ಪ್ಯಾಚ್’ ಕಮ್ಯಾಂಡ್ ಸುತ್ತಲಿನ ಸಾಲುಗಳು ಸ್ವಲ್ಪ ಬೇರೆಯಾಗಿದ್ದರೂ ಒಪ್ಪಿಕೊಳ್ಳುತ್ತದೆ. ಇದಕ್ಕೆ ಫಝ್ ಎನ್ನುತ್ತಾರೆ. ಸುಮ್ಮನೆ ಬಿಟ್ಟರೆ ಅದು 2 ಸಾಲಿನ ತನಕ ಇರುತ್ತದೆ. ಹೀಗೆ ನಮ್ಮ ಒಂದು ಚೆಕ್ ತನ್ನ ಫಂಕ್ಷನ್ ಬಿಟ್ಟು, ಆ ಫಂಕ್ಷನ್‌ನಂತೆಯೇ ಕಾಣುವ ಪಕ್ಕದ ಫಂಕ್ಷನ್ ಒಳಗೆ ಹೋಗಿ ಕೂತಿತು. ಕಂಪೈಲ್ ಕೂಡ ಆಯಿತು! ಅಂದಿನಿಂದ ‘ಗಿಟ್ ಅಪ್ಲೈ’ ಬಳಸುತ್ತೇನೆ. ಸುತ್ತಲಿನ ಸಾಲು ಸರಿಯಾಗಿ ಹೊಂದದಿದ್ದರೆ ಅದು ಒಪ್ಪುವುದಿಲ್ಲ.

ಪ್ಯಾಚ್ ಫೈಲನ್ನು ಕೈಯಿಂದ ತಿದ್ದುವುದು ಮಾತ್ರ ಕಷ್ಟ. ಅದಕ್ಕೇ ‘ಗಿಟ್ ಆ್ಯಮ್’ನಿಂದ ಕಮಿಟ್‌ಗಳಾಗಿ ಮಾಡಿಕೊಂಡು, ತಿದ್ದಿ, ‘ಫಾರ್ಮ್ಯಾಟ್-ಪ್ಯಾಚ್’ನಿಂದ ಮತ್ತೆ ಫೈಲ್ ಮಾಡುತ್ತೇನೆ.

ತಿದ್ದುಪಡಿ ಕಮ್ಮಿ ಇದ್ದರೆ ಪ್ಯಾಚ್ ಫೈಲ್ ಇಡಿ. ಲೈಬ್ರರಿಯ ಒಡಲನ್ನೇ ಬದಲಿಸುತ್ತಿದ್ದರೆ ಫೋರ್ಕ್ ವಾಸಿ. ಯಾವುದೇ ಇರಲಿ, ಪ್ರತಿ ಪ್ಯಾಚ್‌ನ ತಲೆಯಲ್ಲಿ ಎರಡು ಮಾತು ಬರೆಯಿರಿ: ಯಾಕೆ ಬೇಕಾಯಿತು, ಮೂಲದವರಿಗೆ ಕಳಿಸಿದ್ದೀರಾ. ನಾವು ನಾಲ್ಕನ್ನೂ ಕಳಿಸಿದೆವು. ಎರಡನ್ನು ಅವರು ಸೇರಿಸಿಕೊಂಡರು, ಆ ಎರಡು ಫೈಲ್ ಅಳಿಸಿದೆ.