ದುರ್ಗಿಗುಡಿಯ ಹೆಸರಿಲ್ಲದ ಅಂಗಡಿ ಮತ್ತು ನಮ್ಮ ಮನೆಯ ಸ್ಪೀಕರಿನ ಚಾರ್ಜಿಂಗ್ ಪಿನ್

ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿರುವ ಈ ಅಂಗಡಿಗೆ ಹೆಸರಿನ ಫಲಕವಿಲ್ಲ. ಶಟರಿನ ಪಕ್ಕದ ಗೋಡೆಯ ಮೇಲೆ ‘ರೇಡಿಯೊ, ಮಿಕ್ಸಿ, ಸ್ಪೀಕರ್ ರಿಪೇರಿ’ ಎಂದು ನೀಲಿ ಬಣ್ಣದಲ್ಲಿ ಬರೆದಿದೆ, ಅಷ್ಟೇ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಬೆಸುಗೆಯ ಕೆಲಸಕ್ಕಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಸ್ಪೀಕರ್ ಶೋಕಿಯ ವಸ್ತುವಲ್ಲ. ಕೊನೆಕೊಯ್ಲು ಶುರುವಾದರೆ ಅಡಿಕೆ ಸುಲಿಯುವವರು ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ. ತಾಳಮದ್ದಲೆ ಹಾಕಿದರೆ ಡಬ್ಬ ಬೇಗ ತುಂಬುತ್ತದೆ. ಹಾಕದಿದ್ದರೆ ಯಾರ ಮನೆಯ ಸಂಬಂಧ ಮುರಿಯಿತು ಎಂಬ ಸುದ್ದಿ ತುಂಬುತ್ತದೆ. ಹಾಗಾಗಿ ಚಾರ್ಜ್ ಆಗದ ಸ್ಪೀಕರ್ ನನ್ನ ಪಾಲಿಗೆ ನೇರವಾದ ನಷ್ಟ. ನಮ್ಮದು ಐದು ಕಡ್ಡಿಗಳ ಹಳೆಯ ಮೈಕ್ರೊ ಯುಎಸ್‌ಬಿ ಪಿನ್ನಿನ ಸ್ಪೀಕರ್. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕೇಬಲಿನ ಕೆಳಗೆ ಒಂದು ಗೋಟಡಿಕೆ ಒತ್ತುಕೊಟ್ಟರೆ ಮಾತ್ರ ಕೆಂಪು ದೀಪ ಹತ್ತುತ್ತಿತ್ತು. ಯಾರಾದರೂ ಪಕ್ಕದಲ್ಲಿ ನಡೆದರೂ ಸಾಕು, ಆರುತ್ತಿತ್ತು.

ಮೊದಲು ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೇ ಕೊಟ್ಟೆವು. ಯಾವ ಕಂಪನಿ ಎನ್ನುವುದು ಬೇಡ, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಪಾಠ. ಪಿನ್ ಒಂದನ್ನೇ ಬದಲಿಸುವುದಿಲ್ಲವಂತೆ, ಇಡೀ ಬೋರ್ಡ್ ಹೋಗಬೇಕಂತೆ, ಜೊತೆಗೆ ‘ಬ್ಯಾಟರಿಯೂ ವೀಕ್ ಆಗಿರಬಹುದು’. ಸ್ಪೀಕರಿನ ಒಂದು ತಿರುಪನ್ನೂ ಬಿಚ್ಚದೆ ಹೇಳಿದ ಮಾತು ಇದು. ಹೇಳಿದ ಮೊತ್ತಕ್ಕೆ ಇನ್ನು ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತಿತ್ತು. ಅವರಿಗೂ ಬೇಕಾಗಿದ್ದುದು ಅದೇ ಇರಬೇಕು.

ದುರ್ಗಿಗುಡಿಯವರೂ ಮೊದಲು ಬಿಚ್ಚಲಿಲ್ಲ, ಆದರೆ ಅಳೆದರು. ಚಾರ್ಜರಿಗೂ ಕೇಬಲಿಗೂ ನಡುವೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಮೀಟರ್ ಒಂದನ್ನು ಸಿಕ್ಕಿಸಿ ನನ್ನ ಕಡೆಗೇ ತಿರುಗಿಸಿ ಇಟ್ಟರು. ವೋಲ್ಟ್ ಐದರ ಹತ್ತಿರ ಇತ್ತು, ಆಂಪಿಯರ್ ಸೊನ್ನೆ. ಕೇಬಲನ್ನು ಮೇಲಕ್ಕೆ ಎತ್ತಿದಾಗ ಅಂಕಿ ಜಿಗಿದು ಮತ್ತೆ ಬಿತ್ತು. ಕರೆಂಟು ಬಾಗಿಲವರೆಗೆ ಬರುತ್ತಿದೆ, ಒಳಗೆ ಹೋಗುತ್ತಿಲ್ಲ. ನಂತರ ಭೂತಗಾಜಿನಡಿ ಪಿನ್ನನ್ನು ತೋರಿಸಿದರು: ನಡುವಿನ ನಾಲಿಗೆ ಒಂದು ಬದಿಗೆ ವಾಲಿತ್ತು, ಕಡ್ಡಿಗಳ ಬುಡದಲ್ಲಿ ಹಸಿರು ಕಿಲುಬು.

“ಅಕ್ಕಾ, ಒದ್ದೆ ಇರುವಾಗ ಚಾರ್ಜಿಗೆ ಹಾಕುತ್ತೀರಾ?” ಎಂದು ಕೇಳಿದರು.

ಆಗುಂಬೆ ಸೀಮೆಯಲ್ಲಿ ಜುಲೈ ತಿಂಗಳಲ್ಲಿ ಒದ್ದೆ ಇಲ್ಲದ ವಸ್ತು ಯಾವುದು ಎಂದು ನಾನು ತಿರುಗಿ ಕೇಳಿದೆ. ನಕ್ಕರು, ಆದರೆ ಕಾರಣವನ್ನೂ ಬಿಡಿಸಿ ಹೇಳಿದರು. ತೇವ ತಾನಾಗಿಯೇ ಅಷ್ಟು ಬೇಗ ಲೋಹವನ್ನು ತಿನ್ನುವುದಿಲ್ಲ. ತೇವದ ನಡುವೆ ಐದು ವೋಲ್ಟ್ ಹರಿದರೆ ಕಡ್ಡಿಯ ಮೇಲಿನ ಲೇಪ ಕರಗಿ ಅಡಿಯ ತಾಮ್ರ ಕಿಲುಬುಗಟ್ಟುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಕಿಲುಬು ಹೋಗುವುದಿಲ್ಲ, ತೌಡಿನ ಪುಡಿ ಒಳಗೆ ಸೇರುತ್ತದೆ, ಅಷ್ಟೇ. ಒರೆಸಿ, ಗಾಳಿಗಿಟ್ಟು, ಪೂರ್ತಿ ಒಣಗಿದ ಮೇಲೆ ಚಾರ್ಜಿಗೆ ಹಾಕಬೇಕು.

ಬಿಚ್ಚಿದ ತಕ್ಷಣ ಮಾಡಿದ ಮೊದಲ ಕೆಲಸ ಬ್ಯಾಟರಿಯ ಜೋಡಣೆ ತೆಗೆದದ್ದು. ನನಗೆ ನಂಬಿಕೆ ಬಂದದ್ದು ಅಲ್ಲಿಯೇ. ಲಿಥಿಯಂ ಸೆಲ್ ಜೋಡಿಸಿಟ್ಟುಕೊಂಡೇ ಬಿಸಿಗಾಳಿ ಊದುವವರನ್ನೂ ನೋಡಿದ್ದೇನೆ. ಒಳಗಿದ್ದದ್ದು 18650 ಸೆಲ್‌ಗಳು. ಆ ಅಂಕಿಯಲ್ಲೇ ಅಳತೆ ಇದೆಯಂತೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ತುಂಬಿದಾಗ 4.2 ವೋಲ್ಟ್ ಇರಬೇಕಾದದ್ದು ಆಗ 3.4 ತೋರಿಸಿತು. ಹಸಿದಿದೆ, ಸತ್ತಿಲ್ಲ. ಬ್ಯಾಟರಿಯನ್ನು ಕ್ಷಣಕಾಲ ಮತ್ತೆ ಜೋಡಿಸಿ, ಪಿನ್ನನ್ನು ಬಿಟ್ಟು ನೇರವಾಗಿ ಬೋರ್ಡಿಗೆ ಐದು ವೋಲ್ಟ್ ಮುಟ್ಟಿಸಿದರು. ಕೆಂಪು ದೀಪ ಅಲುಗಾಡದೆ ಹತ್ತಿತು. ಬೋರ್ಡ್ ಸರಿ, ಬ್ಯಾಟರಿ ಸರಿ, ಹೋಗಿದ್ದು ಪಿನ್ ಮಾತ್ರ. ಸೇವಾ ಕೇಂದ್ರದವರು ಮಾಡಬಹುದಾಗಿದ್ದ ಪರೀಕ್ಷೆ ಇದು, ಒಂದು ಲೋಟ ಕಾಫಿ ಕುಡಿಯುವಷ್ಟೂ ಹೊತ್ತು ಹಿಡಿಯುವುದಿಲ್ಲ.

ಮುಂದೆ ಎರಡು ದಾರಿ ಹೇಳಿದರು. ಅದೇ ಮೈಕ್ರೊ ಪಿನ್ ಹಾಕಿದರೆ 200 ರೂಪಾಯಿ, ಟೈಪ್-ಸಿ ಮಾಡಿದರೆ 350. ಮೈಕ್ರೊ ಪಿನ್ ಕಾಗದದ ಮೇಲೆ 10,000 ಸಲ ಚುಚ್ಚಿ ತೆಗೆಯಲು ತಡೆಯಬೇಕು. ಆದರೆ ಆ ಲೆಕ್ಕ ಹಾಕಿದವರು ಕರೆಂಟು ಹೋದ ಮನೆಯಲ್ಲಿ, ಕತ್ತಲಲ್ಲಿ, ಕೇಬಲನ್ನು ತಲೆಕೆಳಗಾಗಿ ತುರುಕಿ ನೋಡಿರಲಾರರು. ಟೈಪ್-ಸಿಗೆ ತಲೆಕೆಳಗು ಎಂಬುದೇ ಇಲ್ಲ. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಮಾರುವ ಇಂಥ ಸ್ಪೀಕರುಗಳಿಗೂ ಅದೇ ಕಡ್ಡಾಯ. ನಮ್ಮ ಮನೆಯಲ್ಲಂತೂ ಮೈಕ್ರೊ ಕೇಬಲ್ ಉಳಿದಿರುವುದೇ ಈ ಒಂದು ಸ್ಪೀಕರಿಗಾಗಿ. ಟೈಪ್-ಸಿ ಎಂದೆ.

ಅವರು ಎರಡು ಪುಟ್ಟ ಟೈಪ್-ಸಿ ಬೋರ್ಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ನೋಡಲು ಒಂದೇ. ಒಂದರಲ್ಲಿ 5.1 ಕಿಲೋ ಓಮಿನ ಎರಡು ರೆಸಿಸ್ಟರುಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ‘ನಾನು ಕರೆಂಟು ತೆಗೆದುಕೊಳ್ಳುವವನು’ ಎಂದು ಚಾರ್ಜರಿಗೆ ತಿಳಿಸುವುದು ಆ ಎರಡು ಚುಕ್ಕೆಗಳೇ. ಅವಿಲ್ಲದಿದ್ದರೆ ಹಳೆಯ ಅಗಲ ಬಾಯಿಯ ಚಾರ್ಜರಿನಿಂದ ಮಾತ್ರ ಚಾರ್ಜ್ ಆಗುತ್ತದೆ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಏನೂ ಆಗುವುದಿಲ್ಲ. ನನ್ನ ತಂಗಿಯ ಮನೆಯ ಅಗ್ಗದ ಟಾರ್ಚ್ ಹೊಸ ಫೋನಿನ ಚಾರ್ಜರಿಗೆ ಯಾಕೆ ಮುನಿಸಿಕೊಂಡಿದೆ ಎನ್ನುವುದು ಆಗ ಅರ್ಥವಾಯಿತು.

ಹಳೆಯ ಪಿನ್ ತೆಗೆಯುವಾಗ ಸುತ್ತ ಹಳದಿ ಟೇಪ್ ಹಚ್ಚಿ, ಪೇಸ್ಟ್ ಹಾಕಿ, ಬಿಸಿಗಾಳಿ ಊದಿದರು. ಬೋರ್ಡಿನ ತಾಮ್ರದ ಪಟ್ಟಿಯೊಂದು ಮೊದಲೇ ಎದ್ದುಬಿಟ್ಟಿತ್ತು. ಅದರ ಗೊಡವೆಗೆ ಹೋಗದೆ, ಅದೇ ದಾರಿಯಲ್ಲಿ ಮುಂದಿರುವ ಕೆಪಾಸಿಟರಿನ ಕಾಲಿಗೆ ತಂತಿ ಬೆಸೆದರು. ಅಚ್ಚುಕಟ್ಟಾದ ಕೈ. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಉಳಿದ ಕಿಲುಬನ್ನೂ ತೊಳೆದರು.

ಈಗ ಕಳೆದ ಅಂಕದ ವಿಷಯ. ಟೈಪ್-ಸಿ ಕೂರಿಸಲು ಪ್ಲಾಸ್ಟಿಕ್ಕಿನ ಕಿಂಡಿಯನ್ನು ಅರದಿಂದ ಉಜ್ಜಬೇಕು, ಅದು ಸರಿ. ಬೇಕಾದ್ದಕ್ಕಿಂತ ಹೆಚ್ಚೇ ಉಜ್ಜಿದ್ದಾರೆ. ಸುತ್ತ ಬಿಸಿ ಗೋಂದು ಒಸರಿ ಗಟ್ಟಿಯಾಗಿ ಕಾಣುತ್ತದೆ. ರಬ್ಬರ್ ಮುಚ್ಚಳ ಈಗ ಪೂರ್ತಿ ಕೂರುವುದಿಲ್ಲ. ಸ್ಪೀಕರಿನ ಮೇಲೆ ಐಪಿಎಕ್ಸ್7 ಎಂದು ಬರೆದಿದೆ, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯಬೇಕು. ಆ ಮಾತು ಇನ್ನು ಲೆಕ್ಕಕ್ಕಿಲ್ಲ. ಇದನ್ನು ಉಜ್ಜುವ ಮೊದಲೇ ಅವರು ಸ್ಪಷ್ಟವಾಗಿ ಹೇಳಿದ್ದರು, ಆ ಪ್ರಾಮಾಣಿಕತೆಗೆ ನನ್ನ ಮೆಚ್ಚುಗೆ ಇದೆ. ತೋಟಕ್ಕೆ, ಹೊಳೆ ದಂಡೆಗೆ ಒಯ್ಯುವವರು ಮೈಕ್ರೊ ಪಿನ್ನನ್ನೇ ಹಾಕಿಸಿಕೊಳ್ಳುವುದು ಒಳ್ಳೆಯದು. ನಮ್ಮದು ಚಪ್ಪರದಡಿ ಕೂರುವ ಸ್ಪೀಕರ್, ಮೇಲೆ ಒಂದು ಬಟ್ಟೆ ಹೊದಿಸುತ್ತೇನೆ.

ಇನ್ನೊಂದು ದೂರು ಸಮಯದ್ದು. ‘ಸಂಜೆ ಕೊಡುತ್ತೇನೆ’ ಎಂದರೆ ಯಾವ ದಿನದ ಸಂಜೆ ಎಂದು ಕೇಳಿ ಬರೆಸಿಕೊಳ್ಳಿ. ಊರಿನವರಿಗೆ ಅದು ತಮಾಷೆ. ಮಂಡಗದ್ದೆ, ಗಾಜನೂರು ದಾಟಿ ಬಸ್ಸಿನಲ್ಲಿ ಬರುವವರಿಗೆ ಇಡೀ ದಿನದ ಕೆಲಸ.

ದೀಪಾವಳಿಗೆ ಮೊದಲು ಮಾಡಿಸಿದ್ದು, ಕೊಯ್ಲಿನುದ್ದಕ್ಕೂ ಒಮ್ಮೆಯೂ ಕೈಕೊಟ್ಟಿಲ್ಲ. ರಸೀದಿ ಕೊಡುವುದಿಲ್ಲ, ‘ಏನಾದರೂ ಆದರೆ ತನ್ನಿ’ ಎನ್ನುವುದೇ ವಾರಂಟಿ. ಮುಂಗಡ ಕೇಳುವುದಿಲ್ಲ, ಫೋನಿನಲ್ಲೂ ಹಣ ತೆಗೆದುಕೊಳ್ಳುತ್ತಾರೆ. ಹೋಗುವಾಗ ಮನೆಯಲ್ಲಿ ಬಳಸುವ ಚಾರ್ಜರ್, ಕೇಬಲ್ ಎರಡನ್ನೂ ಕೊಂಡೊಯ್ದು, ಆ ಮೀಟರಿನಲ್ಲಿ ಆಂಪಿಯರ್ ಎಷ್ಟು ತೋರಿಸುತ್ತದೆ ಎಂದು ನೋಡಿಕೊಂಡೇ ದುಡ್ಡು ಕೊಡಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.