ಶನಿವಾರದ ಥಾಮಸ್ ಚರ್ಚ್, ನೌಂಬುರ್ಗ್‌ನ ಮಧ್ಯಾಹ್ನ, ಫ್ರೈಬರ್ಗ್‌ನ ಗುರುವಾರ: ಬಾಖ್ ಸಂಗೀತ ಎಲ್ಲಿ ಕೇಳಿದರೆ ಚೆಂದ?

ನಾನು ಲೈಪ್‌ಜಿಗ್‌ಗೆ ಬಂದು ಮೂರು ವರ್ಷವಾಯಿತು. ಸುಮಾರು ಮುನ್ನೂರು ವರ್ಷದ ಹಿಂದೆ ಬಾಖ್ ಎಂಬ ದೊಡ್ಡ ಸಂಗೀತ ರಚನಕಾರ ಬದುಕಿದ್ದ ಜರ್ಮನಿಯ ಊರು ಇದು. ಊರಿನಿಂದ ಯಾರು ಬಂದರೂ, ಸಂಗೀತದ ರುಚಿ ಇದ್ದವರು ಕೇಳುವುದು ಒಂದೇ ಮಾತು. "ಬಾಖ್ ಇದ್ದ ಊರು ಅಲ್ವಾ? ಎಲ್ಲಿ ಹೋಗಿ ಕೇಳೋಣ?" ಮೊದಲೆಲ್ಲ ಥಾಮಸ್ ಚರ್ಚ್ ಎಂದು ಹೇಳಿ ಮುಗಿಸುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ನಿಮಗೆ ಹಾಡು ಕೇಳಬೇಕೋ, ಆರ್ಗನ್ (ಚರ್ಚಿನ ದೊಡ್ಡ ಕೊಳವೆ ವಾದ್ಯ) ಕೇಳಬೇಕೋ ಎಂದು ಮೊದಲು ಕೇಳುತ್ತೇನೆ. ಯಾಕೆಂದರೆ ಎರಡಕ್ಕೂ ಒಂದೇ ಜಾಗ ಸರಿಹೋಗುವುದಿಲ್ಲ. ಇದು ನನಗೆ ಸರಿಯಾಗಿ ಗೊತ್ತಾಗಿದ್ದು ಕಳೆದ ವರ್ಷ, ಸಾಗರದಿಂದ ಅಮ್ಮ ಬಂದು ಮೂರು ತಿಂಗಳು ಇದ್ದಾಗ. ಅಮ್ಮ ನಲವತ್ತು ವರ್ಷದಿಂದ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರು. ಅವರನ್ನು ಎಲ್ಲಾ ಕಡೆ ಕರೆದುಕೊಂಡು ಹೋದೆ.

ಮೊದಲು ಥಾಮಸ್ ಚರ್ಚ್. ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವ ತನಕ ಸಂಗೀತದ ಹೊಣೆ ಹೊತ್ತಿದ್ದ ಜಾಗ. ಇಲ್ಲಿನ ಹುಡುಗರ ಕ್ವಾಯರ್ (ಹಾಡುವ ತಂಡ) ಶುರುವಾಗಿದ್ದು 1212ರಲ್ಲಿ. ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ 'ಮೋಟೆಟ್' ಇರುತ್ತದೆ. ಇದು ಕಛೇರಿಯಲ್ಲ, ಪ್ರಾರ್ಥನೆ. ಆರ್ಗನ್, ಹಾಡು, ಪಾದ್ರಿಯ ಎರಡು ಮಾತು, ಮತ್ತೆ ಹಾಡು. ನಡುವೆ ಒಂದು ಹಾಡನ್ನು ನಾವೆಲ್ಲ ಎದ್ದು ನಿಂತು ಹಾಡಬೇಕು. ಬಾಗಿಲಲ್ಲಿ ಕಾರ್ಯಕ್ರಮದ ಪುಸ್ತಿಕೆ ಕೊಂಡರೆ ಅದೇ ಟಿಕೆಟ್, ಕೆಲವೇ ಯೂರೋ. ಶನಿವಾರಕ್ಕೆ ಹೋಗಿ ಎನ್ನುತ್ತೇನೆ. ಅವತ್ತು ಸಾಮಾನ್ಯವಾಗಿ ಊರಿನ ವಾದ್ಯತಂಡವಾದ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದವರ ಜೊತೆ ಬಾಖ್‌ನ ಒಂದು ಕಂಟಾಟ, ಅಂದರೆ ವಾದ್ಯಗಳ ಜೊತೆ ಹಾಡುವ ಹಲವು ಭಾಗಗಳ ರಚನೆ, ಇರುತ್ತದೆ. ಬಾಖ್ ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕಂಟಾಟ ಬರೆದ. ಭಾನುವಾರದ ಪೂಜೆಗೆಂದು ಬರೆದದ್ದನ್ನು ಅದೇ ಗೋಡೆಗಳ ನಡುವೆ ಕೇಳುವುದು ಬೇರೆಯೇ ಅನುಭವ.

ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಹಾಡುವವರು ನಿಮ್ಮ ಹಿಂದೆ, ಮೇಲಿನ ಬಾಲ್ಕನಿಯಲ್ಲಿ ನಿಲ್ಲುತ್ತಾರೆ. ಬೆಂಚುಗಳ ಮುಖ ಬಲಿಪೀಠದ ಕಡೆಗೆ. ಹಾಡು ಶುರುವಾಗುತ್ತಿದ್ದಂತೆ ಅಮ್ಮ ಹಿಂದಕ್ಕೆ ತಿರುಗಿದರು. ಯಾರೂ ಕಾಣಲಿಲ್ಲ. ಮತ್ತೆ ತಿರುಗಿದರು. "ಹುಡುಗರೆಲ್ಲೋ?" ಎಂದು ಪಿಸುಗುಟ್ಟಿದರು. ಮೇಲೆ ತೋರಿಸಿದೆ. ಆಮೇಲೆ ಕಣ್ಣು ಮುಚ್ಚಿ ಕೂತವರು ಮುಗಿಯುವ ತನಕ ತೆರೆಯಲಿಲ್ಲ. ಅವತ್ತು ಎಂಟು ಧ್ವನಿಗಳ ಒಂದು ಮೋಟೆಟ್ ಇತ್ತು, ಪ್ರಾರ್ಥನೆಗೆ ಇರುವ ಹೆಸರೇ ಈ ಬಗೆಯ ಹಾಡಿಗೂ. ನಾಲ್ಕು ನಾಲ್ಕು ಧ್ವನಿಗಳ ಎರಡು ಗುಂಪು. ಒಂದು ಗುಂಪು ಹಾಡಿದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಎತ್ತಿಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣದೆ ಇದ್ದಾಗ ಆ ಎಡ, ಬಲ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಗೊತ್ತಾ? ತಾರಸ್ಥಾಯಿಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗರ ಧ್ವನಿ. ಅದರಲ್ಲಿ ಕಂಪನ ಇಲ್ಲ, ಗಮಕ ಇಲ್ಲ. ನೇರ ಗೆರೆ ಎಳೆದ ಹಾಗೆ. ನಮ್ಮ ಕಿವಿಗೆ ಮೊದಲು ಸಪ್ಪೆ ಅನ್ನಿಸಬಹುದು. ಹತ್ತು ನಿಮಿಷ ಕಾಯಿರಿ. ನಾಲ್ಕು ನೇರ ಗೆರೆಗಳು ಒಂದರ ಮೇಲೊಂದು ಕೂತಾಗಲೇ ಅವರ ಸಂಗೀತದ ಬಣ್ಣ ಬರುವುದು. ಅಲ್ಲಿ ಒಂದು ಧ್ವನಿ ಓಲಾಡಿದರೂ ಎಲ್ಲಾ ಕಲಸಿಹೋಗುತ್ತದೆ.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಬಂದಾಗ ಚಿಕ್ಕ ಹುಡುಗರು ನಾವಿಕರ ಥರದ ದೊಡ್ಡ ಕಾಲರಿನ ಅಂಗಿ ತೊಟ್ಟು ಬ್ಯಾಗ್ ಹಿಡಿದು ಓಡುತ್ತಿದ್ದರು. ಅಮ್ಮ ನಿಂತು ನೋಡಿದರು. "ಇಷ್ಟು ಸಣ್ಣವ್ರಾ?" ಎಂದರು. ಅಷ್ಟೇ ಮಾತು. ಒಳಗೆ ಬಲಿಪೀಠದ ಮುಂದೆ ನೆಲದಲ್ಲಿ ಬಾಖ್‌ನ ಸಮಾಧಿ ಇದೆ. ಅವನ ಮೂಳೆಗಳು ಈ ಸಮಾಧಿಯಲ್ಲಿರುವುದು 1950ರಿಂದ. ಕಂಚಿನ ಹಲಗೆಯ ಮೇಲೆ ಬರೀ ಹೆಸರು, ಪಕ್ಕದಲ್ಲಿ ಯಾರೋ ಇಟ್ಟ ಹೂವು.

ಹೋಗುವ ಮೊದಲು ಶಾಲೆಯ ರಜೆ ನೋಡಿಕೊಳ್ಳಿ. ಈ ಹುಡುಗರಿಗೂ ಬೇಸಿಗೆ ರಜೆ ಇದೆ. ಆಗ ಬೇರೆ ಕ್ವಾಯರ್‌ಗಳು ಬಂದು ಹಾಡುತ್ತವೆ. ಅವೂ ಚೆನ್ನಾಗಿರುತ್ತವೆ, ಆದರೆ ದೂರದಿಂದ ಬಂದವರು ಕೇಳಲು ಬಯಸಿದ್ದು ಇವರನ್ನೇ ತಾನೇ?

ಇನ್ನು ಆರ್ಗನ್. ಥಾಮಸ್ ಚರ್ಚಿನಲ್ಲಿ ಎರಡು ದೊಡ್ಡ ಆರ್ಗನ್ ಇವೆ. ಒಂದು 1889ರದ್ದು, ಸೌವರ್ ಕಟ್ಟಿದ್ದು. ಬಾಖ್ ಕಾಲದ್ದಲ್ಲ, ದಪ್ಪ ಮೆತ್ತೆಯ ಹಾಗೆ ತುಂಬಿದ ನಾದ. ಇನ್ನೊಂದು ಬಾಖ್ ಸಂಗೀತಕ್ಕೆಂದೇ 2000ದಲ್ಲಿ ಕಟ್ಟಿದ್ದು. ಎರಡೂ ಒಳ್ಳೆಯ ವಾದ್ಯಗಳೇ. ಆದರೆ ಬಾಖ್ ಮುಟ್ಟಿದ ಆರ್ಗನ್ ಇಲ್ಲಿ ಉಳಿದಿಲ್ಲ. ಅದಕ್ಕೇ ಆರ್ಗನ್ ಕೇಳಬೇಕೆನ್ನುವವರನ್ನು ನಾನು ರೈಲು ಹತ್ತಿಸುತ್ತೇನೆ.

ನೌಂಬುರ್ಗ್ ಲೈಪ್‌ಜಿಗ್‌ನಿಂದ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಡಾಯ್ಚ್‌ಲ್ಯಾಂಡ್ ಟಿಕೆಟ್ (ದೇಶದ ಲೋಕಲ್ ರೈಲಿಗೆಲ್ಲ ಆಗುವ ತಿಂಗಳ ಪಾಸು) ಇದ್ದರೆ ಬೇರೆ ಖರ್ಚಿಲ್ಲ. ಸ್ಟೇಷನ್ನಿನಿಂದ ಪುಟ್ಟ ಹಳೇ ಟ್ರಾಮ್ ಊರೊಳಗೆ ಹೋಗುತ್ತದೆ. ಅಮ್ಮನಿಗೆ ಸಂಗೀತಕ್ಕಿಂತ ಮೊದಲು ಈ ಟ್ರಾಮೇ ಇಷ್ಟವಾಯಿತು. ಎಲ್ಲರೂ ಇಲ್ಲಿನ ಪ್ರಸಿದ್ಧ ಕೆಥೀಡ್ರಲ್ ಕಡೆ ಹೋಗುತ್ತಾರೆ. ನೀವು ಮಾರ್ಕೆಟ್ ಚೌಕದ ಸೇಂಟ್ ವೆನ್ಸೆಲ್ ಚರ್ಚಿಗೆ ಹೋಗಿ. ಮೇ ತಿಂಗಳಿಂದ ಅಕ್ಟೋಬರ್ ತನಕ ವಾರದ ಕೆಲವು ದಿನ ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ಆರ್ಗನ್ ನುಡಿಸುತ್ತಾರೆ.

ಈ ಆರ್ಗನ್ ಕಟ್ಟಿದವನು ಜಕರೀಯಾಸ್ ಹಿಲ್ಡೆಬ್ರಾಂಟ್, 1746ರಲ್ಲಿ. ಅವನ ಗುರು ಗಾಟ್‌ಫ್ರೀಡ್ ಸಿಲ್ಬರ್‌ಮನ್, ಆ ಕಾಲದ ದೊಡ್ಡ ಹೆಸರು. ಗುರು ಶಿಷ್ಯರ ನಡುವೆ ಹಿಂದೆ ದೊಡ್ಡ ಮನಸ್ತಾಪ ಆಗಿತ್ತು. ಅಂಥದ್ದರಲ್ಲಿ 1746ರ ಸೆಪ್ಟೆಂಬರ್‌ನಲ್ಲಿ ಈ ಆರ್ಗನ್ ಪರೀಕ್ಷೆ ಮಾಡಲು ಊರಿನವರು ಕರೆಸಿದ್ದು ಯಾರನ್ನು ಅಂದರೆ, ಒಬ್ಬ ಬಾಖ್, ಇನ್ನೊಬ್ಬ ಅದೇ ಸಿಲ್ಬರ್‌ಮನ್. ಇಬ್ಬರೂ ಒಪ್ಪಿ ಸಹಿ ಹಾಕಿದರು. ಎರಡು ವರ್ಷದ ನಂತರ ಇಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರಿದವನು ಬಾಖ್‌ನ ಶಿಷ್ಯ, ಮುಂದೆ ಅವನ ಅಳಿಯನಾದ ಆಲ್ಟ್‌ನಿಕೋಲ್. ಬಾಖ್ ಕಿವಿಗೊಟ್ಟು ಕೇಳಿ ಸರಿ ಎಂದ ನಾದ ಹೇಗಿತ್ತು ಎಂದು ತಿಳಿಯಬೇಕಾದರೆ ಇದಕ್ಕಿಂತ ಹತ್ತಿರದ ಜಾಗ ಸಿಗುವುದು ಕಷ್ಟ.

ಹಾರ್ಮೋನಿಯಂ ಗೊತ್ತಿದ್ದವರಿಗೆ ಆರ್ಗನ್ ಅರ್ಥ ಮಾಡಿಸುವುದು ಸುಲಭ. ಅಲ್ಲೂ ತಿದಿ ಇದೆ, ಇಲ್ಲೂ ತಿದಿ. ಹಿಂದೆ ತಿದಿ ತುಳಿಯಲು ಬೇರೆ ಆಳುಗಳೇ ಇರುತ್ತಿದ್ದರು, ಈಗ ಮೋಟಾರು. ಹಾರ್ಮೋನಿಯಂನಲ್ಲಿ ಗಾಳಿ ಹಿತ್ತಾಳೆಯ ರೀಡನ್ನು ಅಲುಗಾಡಿಸುತ್ತದೆ, ಇಲ್ಲಿ ಕೊಳವೆಗೆ ಹೋಗುತ್ತದೆ. ಮುಂದೆ ಎಳೆಯುವ ಸ್ಟಾಪ್‌ಗಳು ಅಲ್ಲಿ ನಾಲ್ಕೈದು, ಇಲ್ಲಿ 53. ಒಂದೊಂದು ಸ್ಟಾಪ್ ಎಳೆದರೂ ಒಂದೊಂದು ಸಾಲು ಕೊಳವೆಗಳಿಗೆ ಗಾಳಿ ಸಿಗುತ್ತದೆ. ಕೈಗೆ ಮೂರು ಸಾಲು ಮನೆಗಳು (ಒತ್ತುವ ಕೀಗಳು), ಕಾಲಿಗೆ ಒಂದು ಸಾಲು. ಇಷ್ಟು ಹೇಳಿದ್ದೇ ಸಾಕು, ಅಮ್ಮ ಮುಂದಿನದೆಲ್ಲ ತಾವೇ ಊಹಿಸಿಕೊಂಡರು. "ನಮ್ಮ ಪೆಟ್ಟಿಗೆಯ ಮುತ್ತಜ್ಜ ಕಣೋ ಇದು" ಎಂದರು.

ಅವತ್ತು ನುಡಿಸಿದ್ದು ಬಾಖ್‌ನ ಪಸಕಾಲಿಯ. ಮೊದಲು ಕಾಲಿನ ಮನೆಗಳಲ್ಲಿ ಮಾತ್ರ ಒಂದು ಸಾಲು ಬರುತ್ತದೆ. ಎಂಟು ಬಾರ್ (ನಮ್ಮ ಆವರ್ತದ ಹಾಗೆ), ಅಷ್ಟೇ. ಮೇಲೆ ಏನೂ ಇಲ್ಲ. ಆಮೇಲೆ ಅದೇ ಸಾಲಿನ ಮೇಲೆ ಇಪ್ಪತ್ತು ಸಲ ಬೇರೆ ಬೇರೆ ಕಟ್ಟಡ ಏಳುತ್ತದೆ. ಒಂದು ಸಾಲು ಹಿಡಿದು ನೆರವಲ್ ಮಾಡುವುದನ್ನು ಕೇಳಿದವರಿಗೆ ಇದು ಹೊಸದಲ್ಲ, ಸಾಲು ಮಾತ್ರ ಇಲ್ಲಿ ಬಹಳ ಹೊತ್ತು ಕೆಳಗೆ ಕಾಲಿನಲ್ಲೇ ಇರುತ್ತದೆ. ನಡುವೆ ಎಲ್ಲೋ ಅದು ಕಾಲು ಬಿಟ್ಟು ಮೇಲೆ ಕೈಗೆ ಹತ್ತುತ್ತದೆ. ಆಗ ಅಮ್ಮ ನನ್ನ ಮೊಣಕೈ ತಟ್ಟಿ ಬೆರಳು ಮೇಲಕ್ಕೆ ಮಾಡಿ ತೋರಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಳಗಿನ ಆ ದೊಡ್ಡ ಕೊಳವೆಗಳ ಸ್ವರ ಕಿವಿಗೆ ಬರುವ ಮೊದಲು ಬೆಂಚಿನ ಹಲಗೆಗೆ ಬರುತ್ತದೆ. ಕೂತಲ್ಲೇ ತೊಡೆಗೆ ಗೊತ್ತಾಗುತ್ತದೆ. ಇನ್ನೊಂದು ವಿಶೇಷ, ಇಲ್ಲಿ ಆರ್ಗನ್‌ನ ಒಂದು ಭಾಗ ನುಡಿಸುವವರ ಬೆನ್ನಿನ ಹಿಂದೆ, ಬಾಲ್ಕನಿಯ ಕಟಕಟೆಯ ಮೇಲೆ ಇದೆ. ಅಂದರೆ ನಮಗೆ ಹತ್ತಿರ. ಹಾಗಾಗಿ ಎರಡು ಕೈ ಎರಡು ಕಡೆ ನುಡಿಸಿದಾಗ ಒಂದು ಮಾತು ಹತ್ತಿರದಿಂದ, ಇನ್ನೊಂದು ದೂರದಿಂದ ಬರುತ್ತದೆ. ರೆಕಾರ್ಡಿಂಗ್‌ನಲ್ಲಿ ನನಗೆ ಇದು ಯಾವತ್ತೂ ಸಿಕ್ಕಿಲ್ಲ. ಎಷ್ಟು ಒಳ್ಳೆ ಹೆಡ್‌ಫೋನ್ ಹಾಕಿಕೊಂಡರೂ ಅಷ್ಟೇ.

ಕೊರತೆ ಅಂದರೆ ಅರ್ಧ ಗಂಟೆ ಸಾಲುವುದಿಲ್ಲ. ಹಾಡು ಇಲ್ಲ. ಚಳಿಗಾಲದಲ್ಲಿ ಈ ಮಧ್ಯಾಹ್ನದ ಕಾರ್ಯಕ್ರಮವೇ ಇಲ್ಲ.

ಫ್ರೈಬರ್ಗ್ ದೂರ. ಡ್ರೆಸ್ಡನ್‌ನಲ್ಲೋ ಖೆಮ್ನಿಟ್ಸ್‌ನಲ್ಲೋ ರೈಲು ಬದಲಿಸಿ ಸುಮಾರು ಎರಡು ಗಂಟೆ. ಬೇಸಿಗೆಯಲ್ಲಿ ಗುರುವಾರ ಸಂಜೆ ಎಂಟಕ್ಕೆ ಕೆಥೀಡ್ರಲ್‌ನಲ್ಲಿ ಕಛೇರಿ ಇರುತ್ತದೆ. ಮುಗಿಸಿ ವಾಪಸ್ ಬರುವಾಗ ಮಧ್ಯರಾತ್ರಿ. ವಯಸ್ಸಾದವರು ಜೊತೆಗಿದ್ದರೆ ಅಲ್ಲೇ ಉಳಿಯುವುದು ಒಳ್ಳೆಯದು, ನಾವು ಉಳಿದೆವು. ಇದು ಬೆಳ್ಳಿ ಗಣಿಯ ಊರು. ಇಲ್ಲಿನ ಆರ್ಗನ್ ಗುರು ಸಿಲ್ಬರ್‌ಮನ್‌ನದ್ದೇ, 1714ರದ್ದು. ಅವನ ಹೆಸರಿನ 'ಸಿಲ್ಬರ್' ಅಂದರೇ ಬೆಳ್ಳಿ, ಅವನ ನಾದಕ್ಕೂ ಜನ ಬೆಳ್ಳಿ ಎನ್ನುತ್ತಾರೆ. ಕೇಳಿದರೆ ಒಪ್ಪಬೇಕು. ಶಿಷ್ಯನ ಆರ್ಗನ್ ಕಂಚಿನ ಗಂಟೆ ಆದರೆ ಗುರುವಿನದು ಬೆಳ್ಳಿ ಬಟ್ಟಲಿಗೆ ಚಮಚ ತಾಕಿದ ಹಾಗೆ. ಶ್ರುತಿ ಕೂಡ ಈಗಿನ ಪಿಯಾನೋಗಿಂತ ಒಂದು ಮನೆಗಿಂತಲೂ ಸ್ವಲ್ಪ ಮೇಲಿದೆ. ಅದಕ್ಕೇ ಆ ಹೊಳಪು ಇನ್ನೂ ಜಾಸ್ತಿ ಅನ್ನಿಸುತ್ತದೆ.

ಹೋದವರು ಹಗಲಲ್ಲೇ ಒಮ್ಮೆ ಒಳಗೆ ನೋಡಿ. ಕೆಥೀಡ್ರಲ್‌ನ ಪೂರ್ವದ ತುದಿಯಲ್ಲಿ ಅಲ್ಲಿನ ಅರಸರ ಸಮಾಧಿಗಳಿವೆ. ಅದರ ಮೇಲ್ಭಾಗದಲ್ಲಿ ಸುತ್ತ ದೇವದೂತರ ಬೊಂಬೆಗಳು, ಕೈಯಲ್ಲಿ ವಾದ್ಯಗಳು. ಅವುಗಳಲ್ಲಿ ಎಷ್ಟೋ ನಿಜವಾದ ವಾದ್ಯಗಳು, 1590ರ ದಶಕದವು. ಯಾರೂ ನುಡಿಸದೆ ನಾನೂರು ವರ್ಷ ಅಲ್ಲೇ ಇದ್ದವು.

ಅಮ್ಮನ ಓಟು ಫ್ರೈಬರ್ಗ್‌ಗೆ. ನನ್ನದು ನೌಂಬುರ್ಗ್‌ಗೆ. ನನಗೆ ಕೆಳಗಿನ ಸ್ವರ ಬೇಕು, ಅವರಿಗೆ ಮೇಲಿನದು. ಇದರ ಮೇಲೆ ವಾಪಸ್ ಬರುವ ರೈಲಿನಲ್ಲಿ ಡ್ರೆಸ್ಡನ್ ತನಕ ಮಾತಾಡಿದೆವು.

ಡ್ರೆಸ್ಡನ್ ವಿಷಯ ಒಂದೆರಡು ಮಾತಲ್ಲಿ ಹೇಳುತ್ತೇನೆ. ಅಲ್ಲಿ ಕ್ರಾಯ್ಟ್ಸ್ ಚರ್ಚಿನ ಹುಡುಗರ ಕ್ವಾಯರ್ ಕೂಡ ಎಂಟುನೂರು ವರ್ಷ ದಾಟಿದ್ದು, ಶನಿವಾರ ಸಂಜೆ ಹಾಡುತ್ತಾರೆ. ಬಾಖ್‌ಗಿಂತ ನೂರು ವರ್ಷ ಹಿಂದೆ ಹುಟ್ಟಿದ ಹೈನ್ರಿಖ್ ಶ್ಯೂಟ್ಸ್ ಬಹಳ ಕಾಲ ಕೆಲಸ ಮಾಡಿದ ಊರು ಅದು, ಅವನ ಹಾಡುಗಳಿಗೆ ಅಲ್ಲೇ ಹೋಗಿ ಕೇಳಬೇಕು. ಸಿಲ್ಬರ್‌ಮನ್‌ನ ಕೊನೆಯ ಆರ್ಗನ್ ಅಲ್ಲಿನ ಹೋಫ್ ಚರ್ಚಿನಲ್ಲಿ (ಹಿಂದೆ ಅರಮನೆಯ ಚರ್ಚು) ಇದೆ. ಯುದ್ಧದ ಕಾಲದಲ್ಲಿ ಕೊಳವೆಗಳನ್ನು ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ 1945ರ ಬಾಂಬಿನಲ್ಲಿ ಅವು ಉಳಿದವು. ಹೊರಗಿನ ಮರದ ಕೆತ್ತನೆ ಸುಟ್ಟುಹೋಯಿತು. ಒಂದೇ ದಿನದಲ್ಲಿ ಹಾಡು, ಆರ್ಗನ್ ಎರಡೂ ಬೇಕೆನ್ನುವವರಿಗೆ ಈ ಊರು ಸರಿ.

ಉಳಿದಿದ್ದು ದೊಡ್ಡ ಟಿಕೆಟ್ಟಿನ ಕಛೇರಿಗಳು. ಡಿಸೆಂಬರ್‌ನಲ್ಲಿ ಎಲ್ಲಾ ಕಡೆ ಬಾಖ್‌ನ ಕ್ರಿಸ್‌ಮಸ್ ಒರೆಟೋರಿಯೊ (ದೊಡ್ಡ ಕಥಾಗಾಯನ), ಗುಡ್ ಫ್ರೈಡೇ ಹೊತ್ತಿಗೆ ಯೋಹಾನನ ಅಥವಾ ಮತ್ತಾಯನ ಪ್ಯಾಶನ್ (ಯೇಸುವನ್ನು ಶಿಲುಬೆಗೇರಿಸಿದ ಕಥೆಯ ಗಾಯನ), ಜೂನ್‌ನಲ್ಲಿ ಲೈಪ್‌ಜಿಗ್‌ನ ಬಾಖ್ ಉತ್ಸವ. ಒಮ್ಮೆ ಒಂದು ಊರಿನ ಚರ್ಚಿನಲ್ಲಿ ಮತ್ತಾಯನ ಪ್ಯಾಶನ್‌ಗೆ ನಲವತ್ತೆಂಟು ಯೂರೋ ಕೊಟ್ಟು ಹೋದೆ. ಸೀಟು ಕಂಬದ ಹಿಂದೆ. ಆ ಸಂಗೀತದಲ್ಲಿ ಎರಡು ಕ್ವಾಯರ್, ಎರಡು ಆರ್ಕೆಸ್ಟ್ರಾ. ಒಂದು ಗುಂಪು 'ನೋಡಿ' ಎಂದು ಕೂಗಿದರೆ ಇನ್ನೊಂದು 'ಯಾರನ್ನು?' ಎಂದು ಕೇಳುತ್ತದೆ. ನನಗೆ ಬಲಗಡೆಯವರು ಮಾತ್ರ ಕೇಳಿದರು. ಪ್ರಶ್ನೆ ಕೇಳಿಸಿತು, ಕರೆದದ್ದು ಕಂಬಕ್ಕೆ ಬಡಿದು ಹೋಯಿತು. ಸುಮಾರು ಮೂರು ಗಂಟೆ ಹಾಗೆ ಕೂತಿದ್ದೆ. ಹಾಡಿದವರದು ಏನೂ ತಪ್ಪಿಲ್ಲ, ಬಹಳ ಚೆನ್ನಾಗಿ ಹಾಡಿದರು. ಅದಕ್ಕೇ ಬೇಜಾರು ಇನ್ನೂ ಹೋಗಿಲ್ಲ.

ಮುಂದಿನ ಗುಡ್ ಫ್ರೈಡೇಗೆ ಥಾಮಸ್ ಚರ್ಚಿನ ಪ್ಯಾಶನ್ ಕೇಳಬೇಕೆಂದಿದ್ದೇನೆ. ಹೋದ ಶನಿವಾರ ಮೋಟೆಟ್ ಮುಗಿದ ಮೇಲೆ ಒಳಗೇ ಉಳಿದು, ಒಂದೊಂದು ಸಾಲಿನಲ್ಲೂ ಕೂತು ಬಾಲ್ಕನಿಯ ಎರಡೂ ತುದಿ ಎಲ್ಲಿಂದ ಕಾಣುತ್ತದೆ ಎಂದು ತಿರುಗಿ ನೋಡಿ ಬಂದೆ. ಎರಡು ಜಾಗ ಗುರುತು ಮಾಡಿಕೊಂಡಿದ್ದೇನೆ. ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ, "ನಂಗೆ ಬೆನ್ನು ಆನಿಸೋಕೆ ಒಂದು ದಿಂಬು ತಂದಿರು" ಎಂದರು.