ಪಂಚಾಯಿತಿಗೆ ಹೋಗೋದಾ, ನಾಡಕಚೇರಿಗಾ?

ಮೂಡಿಗೆರೆ ಕಡೆಯ ಮಳೆಯಲ್ಲಿ ಎರಡೂ ಆಫೀಸು ಸುತ್ತೋದು ಯಾರಿಗೆ ಬೇಕು, ಅಲ್ವಾ?

ಬೀದಿ ದೀಪ, ಕುಡಿಯುವ ನೀರು, ಮನೆ ಕಂದಾಯ, ಊರೊಳಗಿನ ಸೈಟಿನ ಇ-ಸ್ವತ್ತು (ಆಸ್ತಿಯ ಕಂಪ್ಯೂಟರ್ ದಾಖಲೆ) ಆದರೆ ಗ್ರಾಮ ಪಂಚಾಯಿತಿ. ಇಲ್ಲಿ 5 ವರ್ಷಕ್ಕೆ ನೀವೇ ಓಟು ಹಾಕಿ ಗೆಲ್ಲಿಸಿದ ಸದಸ್ಯರಿದ್ದಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಿವಿಗೆ ಹಾಕಿಕೊಳ್ಳದಿದ್ದರೆ ಆ ಸದಸ್ಯರನ್ನು ಹಿಡಿಯಬಹುದು. ಗ್ರಾಮಸಭೆಯಲ್ಲಿ ಎಲ್ಲರೆದುರು ಎದ್ದು ಕೇಳಿದರೆ ಇನ್ನೂ ಒಳ್ಳೆಯದು. ನನ್ನ ಪ್ರಕಾರ ಅದಕ್ಕೇ ಜಾಸ್ತಿ ಬೆಲೆ.

ಬಣಕಲ್‌ನಂಥ ಹೋಬಳಿಯ ನಾಡಕಚೇರಿ ಕಂದಾಯ ಇಲಾಖೆಯದು. ಉಪ ತಹಶೀಲ್ದಾರ್, ಅವರ ಮೇಲೆ ತಹಶೀಲ್ದಾರ್. ಇಲ್ಲಿ ಓಟಿನ ಮುಲಾಜಿಲ್ಲ. ಜಾತಿ, ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನದ ಅರ್ಜಿ ಇಲ್ಲಿಗೇ. ಸಕಾಲ (ಗಡುವಿನೊಳಗೆ ಕೆಲಸ ಮಾಡಿಕೊಡಬೇಕೆಂಬ ಕಾಯ್ದೆ) ಸಂಖ್ಯೆ ಇರುವ ಚೀಟಿ ಇಸ್ಕೊಳ್ಳಿ; ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು.

ತೋಟದ ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಪಂಚಾಯಿತಿ ಸದಸ್ಯರಿಗೆ ಸುಮ್ನೆ ಗಂಟು ಬೀಳಬೇಡಿ, ಅದೂ ಕಂದಾಯದವರದ್ದೇ ಕೆಲಸ.